ಒತ್ತಿದರೆ ತೆರೆಯುವ ಲಗ್ನಪತ್ರಿಕೆ

ನನಗೆ ಸಿಟ್ಟು ಬರುವುದು ಬೇಗ, ಇಳಿಯುವುದು ನಿಧಾನ. ಕೊಟ್ಟೂರಿನಲ್ಲಿ ನನ್ನ ಬಳೆ ಅಂಗಡಿಗೆ ಬರುವ ಹೆಂಗಸರಿಗೆಲ್ಲ ಇದು ಗೊತ್ತು. ನನ್ನೊಂದಿಗೆ ಕೆಡಿಸಿಕೊಂಡವರು ಮರುವರ್ಷ ಬಂದು ಕೈ ಚಾಚಿದರೆ ಬಳೆ ತೊಡಿಸುತ್ತೇನೆ, ಮಾತಾಡಿಸುವುದಿಲ್ಲ. "ಯಕ್ಕಾ, ಇನ್ನೂ ಹಳೇದನ್ನ ಮನಸ್ಸಿನಾಗ ಇಟಗೊಂಡೀಯೇನ?" ಎನ್ನುತ್ತಾರೆ. ಇಟ್ಟುಕೊಳ್ಳದೆ ಎಲ್ಲಿ ಬಿಸಾಡಲಿ? ಮನಸ್ಸಿರುವುದೇ ಇಟ್ಟುಕೊಳ್ಳುವುದಕ್ಕೆ.

ನನ್ನ ತಂಗಿ ನನಗೆ ತದ್ವಿರುದ್ಧ. ಅವಳನ್ನು ಹಡಗಲಿಗೆ ಕೊಟ್ಟೆವು. ಮಲ್ಲಿಗೆಯ ಊರಿಗೆ ಸೊಸೆಯಾಗಿ ಹೋದವಳು ಅತ್ತೆಯಿಂದ ಮೊಗ್ಗಿನ ಜಡೆ ಹೆಣೆಯುವುದನ್ನು ಕಲಿತಳು. ಆಮೇಲೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ, ಎಲ್ಲಿ ಮದುವೆ ನಡೆದರೂ ಮದುಮಗಳ ಬೆನ್ನ ಮೇಲೆ ಅವಳ ಕೈಯ ಜಡೆ ಇರುತ್ತಿತ್ತು. ಅವಳದೊಂದು ಪದ್ಧತಿ: ಬಾಯಿಮಾತಿನ ಮೇಲೆ ಜಡೆ ಕಟ್ಟುವುದಿಲ್ಲ. "ಮೊದ್ಲ ಪತ್ರಿಕಿ ಕಳಿಸ್ರಿ" ಎನ್ನುತ್ತಾಳೆ. ಮುಹೂರ್ತ ನೋಡಿಕೊಂಡು ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ ಮೊಗ್ಗು ಬಿಡಿಸಬೇಕು. ಹೊತ್ತು ತಪ್ಪಿದರೆ ಮುಹೂರ್ತದ ಅಕ್ಕಿಕಾಳು ಬೀಳುವ ಮೊದಲೇ ಮೊಗ್ಗು ಅರಳಿ ಜಡೆ ಸಡಿಲಾಗುತ್ತದೆ. ಹಾಗಾಗಿ ಐದು ತಾಲ್ಲೂಕಿನ ಮದುವೆ ಮನೆಗಳ ನಂಬರುಗಳು ಅವಳ ಫೋನಿನಲ್ಲಿದ್ದವು, ಪತ್ರಿಕೆಗಳು ಬರುತ್ತಲೇ ಇದ್ದವು.

ಇನ್ನೊಂದು ಮಾತು. ನಮ್ಮ ಕಡೆ ಲಗ್ನಪತ್ರಿಕೆಗೆ ಒಲ್ಲೆ ಎನ್ನುವಂತಿಲ್ಲ. ತಂದವರು ವೈರಿಯಾದರೂ ಎರಡೂ ಕೈಯಲ್ಲಿ ತೆಗೆದುಕೊಂಡು, ಅವರೆದುರಿಗೇ ಬಿಚ್ಚಿ, ಕಣ್ಣಿಗೊತ್ತಿಕೊಂಡು, ತಂದವರ ಹಣೆಗೆ ಕುಂಕುಮ ಹಚ್ಚಿ ಕಳಿಸಬೇಕು. ಬಿಚ್ಚದೆ ಪಕ್ಕಕ್ಕಿಟ್ಟರೆ ಅವರ ಮನೆಯ ಶುಭಕ್ಕೆ ಬೆನ್ನು ತೋರಿಸಿದ ಹಾಗೆ. ಫೋನಿನಲ್ಲಿ ಪತ್ರಿಕೆ ಬರುವ ಕಾಲ ಬಂದರೂ ಈ ಬುದ್ಧಿ ನಮ್ಮ ಕೈಯಿಂದ ಹೋಗಿಲ್ಲ. ಬಂದದ್ದನ್ನು ಒತ್ತಿ ತೆಗೆಯುತ್ತೇವೆ. ಇದನ್ನು ಎಲ್ಲೋ ಕೂತ ಒಬ್ಬ ಕಳ್ಳ ನಮಗಿಂತ ಚೆನ್ನಾಗಿ ತಿಳಿದುಕೊಂಡಿದ್ದ.

ಅವತ್ತು ಮುಂಜಾನೆ ತಂಗಿ ಹೂವಿನ ಬುಟ್ಟಿ ಮುಂದಿಟ್ಟುಕೊಂಡು ಕೂತಿದ್ದಾಳೆ. ಗುರುತಿನ ಮನೆಯೊಂದರ ನಂಬರಿನಿಂದ ಫೋನಿಗೆ ಒಂದು ಪತ್ರಿಕೆ ಬಂತು. ಯಾವ ಮನೆ ಎಂಬುದು ನನಗೆ ತಿಳಿದದ್ದು ಆಮೇಲೆ. 'ಮದುವೆ ಆಮಂತ್ರಣ, ತಪ್ಪದೆ ಬನ್ನಿ' ಎಂದು ಮೇಲೆ ಬರೆದಿತ್ತು, ಕೆಳಗೊಂದು ಫೈಲು. ತಂಗಿ ಒತ್ತಿದಳು. ಇದು ಗುರುತಿಲ್ಲದ ಕಡೆಯಿಂದ ಬಂದದ್ದು, ಅಪಾಯವಾದೀತು ಎಂದು ಫೋನೇ ಹೇಳಿತು. ಗುರುತಿಲ್ಲದೆ ಏನು, ಗೊತ್ತಿರುವ ಮನೆಯವರೇ ಎಂದುಕೊಂಡು ಮುಂದೆ ಒತ್ತಿದಳು. ನಿನ್ನ ಮೆಸೇಜು ಓದಲೇ ಎಂದು ಕೇಳಿತು, ನಿನ್ನ ನಂಬರುಗಳನ್ನು ನೋಡಲೇ ಎಂದು ಕೇಳಿತು. ಬಾಗಿಲಿಗೆ ಬಂದವರು ನೀರು ಕೇಳಿದರೆ ಮಜ್ಜಿಗೆ ಕೊಡುವವಳು ಅವಳು. ಎಲ್ಲದಕ್ಕೂ ಹೂಂ ಎಂದಳು. ಪತ್ರಿಕೆ ಮಾತ್ರ ತೆರೆಯಲಿಲ್ಲ. ನೆಟ್ ಇಲ್ಲವೇನೋ ಎಂದು ಫೋನು ಪಕ್ಕಕ್ಕಿಟ್ಟು ಮತ್ತೆ ಹೂವಿಗೆ ಕೈ ಹಾಕಿದಳು.

ಮಧ್ಯಾಹ್ನದ ಹೊತ್ತಿಗೆ ನನ್ನ ಅಂಗಡಿಯಲ್ಲಿ ಗಿರಾಕಿಗಳಿದ್ದರು. ತಂಗಿಯ ನಂಬರಿನಿಂದ ನನ್ನ ಫೋನಿಗೆ ಪತ್ರಿಕೆ ಬಂತು. 'ಮದುವೆ ಆಮಂತ್ರಣ, ತಪ್ಪದೆ ಬನ್ನಿ.' ನನ್ನ ಮೈ ಉರಿದುಹೋಯಿತು. ತಂಗಿಗಿರುವುದು ಒಬ್ಬಳೇ ಮಗಳು, ಹಗರಿಬೊಮ್ಮನಹಳ್ಳಿಯಲ್ಲಿ ಔಷಧಿ ಅಂಗಡಿಯ ಕೆಲಸಕ್ಕೆ ಹೋಗುತ್ತಾಳೆ. ಎರಡು ಸಂಬಂಧ ಮಾತುಕತೆಯವರೆಗೆ ಬಂದು ಮುರಿದಿದ್ದವು. ಆ ಹುಡುಗಿಯ ಮದುವೆ ಗೊತ್ತಾಗಿದೆ, ಒಡಹುಟ್ಟಿದ ಅಕ್ಕನಿಗೆ ಒಂದು ಮಾತಿಲ್ಲ, ಊರ ಮಂದಿಗೆ ಕಳಿಸಿದ ಹಾಗೆ ಫೋನಿನಲ್ಲಿ ಪತ್ರಿಕೆ! ಖುದ್ದಾಗಿ ಬಂದು ಕರೆಯುವ ತನಕ ಬಿಚ್ಚುವುದಿಲ್ಲ ಎಂದು ಫೋನನ್ನು ಗಲ್ಲಾಪೆಟ್ಟಿಗೆಯೊಳಗೆ ಒಗೆದೆ. ನನ್ನನ್ನು ಉಳಿಸಿದ್ದು ಜಾಣತನವಲ್ಲ, ಸಿಟ್ಟು. ಇದನ್ನು ನಾನು ಎಲ್ಲರಿಗೂ ಹೆಮ್ಮೆಯಿಂದಲೇ ಹೇಳುತ್ತೇನೆ.

ಸ್ವಲ್ಪ ಹೊತ್ತಿಗೆ ತಡೆಯಲಾಗದೆ ಬೈಯಲೆಂದು ಫೋನು ಮಾಡಿದೆ. ತಂಗಿ ಅಳುತ್ತಿದ್ದಳು.

"ಯಕ್ಕಾ, ನಾನು ಯಾರಿಗೂ ಏನೂ ಕಳಿಸಿಲ್ಲ. ಎಲ್ರೂ ಫೋನ್ ಮಾಡಿ ಮಗಳ ಮದುವಿ ಯಾವಾಗ, ಹುಡುಗ ಎಲ್ಲ್ಯಾನು ಅಂತ ಕೇಳಾಕ ಹತ್ಯಾರ. ನನಗ ತಲಿ ಕೆಟ್ಟು ಹೋಗೈತಿ."

ಅವಳ ಫೋನು ತಾನಾಗಿಯೇ ಐದು ತಾಲ್ಲೂಕಿಗೂ ಆ ಪತ್ರಿಕೆ ಹಂಚಿತ್ತು. ಕಳ್ಳನನ್ನು ನಾನು ಇವತ್ತಿಗೂ ಕ್ಷಮಿಸದಿರುವುದು ಈ ಕಾರಣಕ್ಕೆ. ಬೇರೆ ಯಾರದೋ ಫೋನಿನಿಂದ ಬಂದಿದ್ದರೆ ಜನ ಒತ್ತುತ್ತಿದ್ದರೋ ಇಲ್ಲವೋ. ಇದು ಜಡೆ ಕಟ್ಟುವವಳಿಂದ ಬಂದದ್ದು. ಕಂಡವರ ಮಕ್ಕಳಿಗೆಲ್ಲ ಜಡೆ ಕಟ್ಟಿದವಳ ಮಗಳಿಗೆ ಅಂತೂ ಕಂಕಣಬಲ ಕೂಡಿಬಂತು ಎಂದು ಹೆಂಗಸರು ಖುಷಿಯಿಂದ ಒತ್ತಿದರು. ಕಾನಹೊಸಹಳ್ಳಿಯ ಮುದುಕಿಯೊಬ್ಬಳು ತನಗೆ ಒತ್ತಲು ಬರದೆ ಪಕ್ಕದ ಮನೆಯವರನ್ನು ಕರೆದು ಒತ್ತಿಸಿದಳಂತೆ. ಅವಳ ಪಿಂಚಣಿ ಹೋಯಿತು. ಪ್ರೀತಿ ಇದ್ದವರೇ ಮೊದಲು ಸಿಕ್ಕಿಬಿದ್ದರು. ಹೊಟ್ಟೆಕಿಚ್ಚಿನವರು ಒತ್ತದೆ ಉಳಿದುಕೊಂಡರು.

ಔಷಧಿ ಅಂಗಡಿಯಲ್ಲಿ ಹುಡುಗಿಗೆ ಗಿರಾಕಿಗಳು ಶುಭಾಶಯ ಹೇಳಿದರು. ಅವಳು ಮೊದಲು ನಕ್ಕಳು. ಆಮೇಲೆ ಎಷ್ಟು ಜನಕ್ಕೆ ಅಂತ ಇಲ್ಲ ಇಲ್ಲ ಎನ್ನುವುದು? ರಜೆ ಹಾಕಿ ಮನೆಗೆ ಬಂದು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ನಾನು ಬಸ್ಸು ಹಿಡಿದು ಹಡಗಲಿಗೆ ಹೋದಾಗ "ದೊಡ್ಡವ್ವಾ, ಇಲ್ಲದ ಮದುವಿನೂ ಮುರೀತು ನೋಡು" ಎಂದಳು.

ಮಾಡಬೇಕಾದ್ದನ್ನು ಮಾಡಿದೆವು. ಫೋನಿನ ನೆಟ್ ನಿಲ್ಲಿಸಿ, ಸಿಮ್ ತೆಗೆದು ಒಂದು ಹಳೆಯ ಕೀಪ್ಯಾಡ್ ಫೋನಿಗೆ ಹಾಕಿದೆವು. ಬ್ಯಾಂಕಿಗೆ ಹೋಗಿ ಖಾತೆ ಬಂದ್ ಮಾಡಿಸಿದೆವು. ಅಷ್ಟರಲ್ಲಿ ಬ್ಯಾಂಕಿನಿಂದ ಬರುವ ಗುಟ್ಟಿನ ನಂಬರುಗಳನ್ನು ಆ ಫೈಲು ಕದ್ದು ಓದಿ, ಇದ್ದದ್ದನ್ನು ಬಳಿದುಕೊಂಡು ಹೋಗಿತ್ತು. ಸೈಬರ್ ದೂರಿನ ಸಹಾಯವಾಣಿಗೆ ಹೇಳಿದೆವು, ಠಾಣೆಗೆ ಹೋದೆವು. ಫೋನಿನಲ್ಲಿರುವುದನ್ನೆಲ್ಲ ಅಳಿಸುವ ಮೊದಲು ಆ ಮೆಸೇಜಿನ ಫೋಟೋ ತೆಗೆದಿಟ್ಟುಕೊಳ್ಳಿ ಎಂದು ಠಾಣೆಯಲ್ಲಿ ಹೇಳಿದರು. ನನ್ನ ಫೋನಿನಲ್ಲಿ ಫೋಟೋ ತೆಗೆದೆ. ಆ ಗಡಿಬಿಡಿಯಲ್ಲಿ ಅದನ್ನು ಸರಿಯಾಗಿ ನೋಡಲಿಲ್ಲ.

ದುಡ್ಡಿನ ಮಾತು ಬಿಡಿ. ದುಡಿದರೆ ಬರುತ್ತದೆ. ತಂಗಿಯ ಹೆಸರು ಹೋಗುವುದಕ್ಕೆ ಶುರುವಾದದ್ದು ಮರುದಿನದಿಂದ. ಹರಪನಹಳ್ಳಿಯಲ್ಲೊಂದು ದೊಡ್ಡ ಮನೆ, ಬಟ್ಟೆ ವ್ಯಾಪಾರದವರು. ಆ ಮನೆಯ ಮಗಳಿಗೆ ತಂಗಿ ಜಡೆ ಒಪ್ಪಿಕೊಂಡಿದ್ದಳು. ಯಜಮಾನಿ ಫೋನು ಮಾಡಿದರು. ಆಚೆ ಕಡೆ ನೆಂಟರು ಕೂತು ಕೇಳುತ್ತಿದ್ದದ್ದು ಗೊತ್ತಾಗುತ್ತಿತ್ತು.

"ನಿನ್ನ ಜಡೆ ನಮಗೆ ಬೇಡಮ್ಮ. ಊರಿಗೆಲ್ಲ ಕಳ್ಳರನ್ನ ಬಿಟ್ಟೀಯ. ನಮ್ಮಂಥೋರ ನಂಬರೆಲ್ಲ ಯಾರಿಗೆ ಮಾರಿದೆ ಹೇಳು?"

ತಂಗಿ ಕೇಳಿಸಿಕೊಂಡು ಫೋನು ಕೆಳಗಿಟ್ಟಳು. ಆ ಮಾತು ಹರಪನಹಳ್ಳಿಯಿಂದ ಕೂಡ್ಲಿಗಿಗೆ ಹೋಯಿತು, ಅಲ್ಲಿಂದ ಹಗರಿಬೊಮ್ಮನಹಳ್ಳಿಗೆ ಬಂತು. ಒಂದೊಂದೇ ಮನೆಯವರು ಜಡೆ ಬೇಡ ಎಂದರು. ಗಿಡದಲ್ಲಿ ಬಿಡಿಸುವವರಿಲ್ಲದೆ ಮೊಗ್ಗು ಅರಳಿ ಬಿದ್ದವು. ಹೆಸರು ಕೆಟ್ಟ ಮನೆಗೆ ಮೂರನೆಯ ಸಂಬಂಧ ಎಲ್ಲಿಂದ ಬರಬೇಕು?

ಆಗ ನಾನು ಆ ಫೋಟೋ ತೆಗೆದು ನೋಡಿದೆ. ತಂಗಿಗೆ ಮೊದಲು ಪತ್ರಿಕೆ ಕಳಿಸಿದವರ ಹೆಸರನ್ನು ತಂಗಿ ತನ್ನ ಫೋನಿನಲ್ಲಿ ಬರೆದುಕೊಂಡ ಹಾಗೆಯೇ ಮೇಲೆ ತೋರಿಸುತ್ತಿತ್ತು: 'ಹರಪನಹಳ್ಳಿ ದೊಡ್ಮನಿ ಅಮ್ಮಾರು.'

ಎರಡು ಸಲ ಓದಿಕೊಂಡೆ. ಅಂದರೆ ಕಳ್ಳ ಮೊದಲು ಹೊಕ್ಕಿದ್ದು ಆ ಮನೆಗೆ. ಅಲ್ಲಿಂದ ತಂಗಿಯ ಮನೆಗೆ.

"ಇದು ನಿನಗ ಗೊತ್ತಿತ್ತೇನ?" ಎಂದು ತಂಗಿಯನ್ನು ಕೇಳಿದೆ.

"ಗೊತ್ತಿತ್ತು."

"ಮತ್ತ ಆಕಿ ಬೈಯುವಾಗ ಯಾಕ ಬಾಯಿ ಮುಚ್ಚಿಕೊಂಡು ಕುಂತಿ?"

"ಮದುವಿ ಇಟಗೊಂಡ ಮನಿ, ಯಕ್ಕಾ. ಬೀಗರು ಕೇಳಿ ಏನಾರ ಅಂದ್ರ ಆ ಹುಡುಗಿ ಗತಿ ಏನು? ನಾನು ಜಡಿ ಕಟ್ಟಾಕಿ, ಮದುವಿ ಮುರಿಯಾಕಿ ಅಲ್ಲ."

ಅವಳ ಒಳ್ಳೆಯತನಕ್ಕೂ ನನಗೆ ಸಿಟ್ಟು ಬಂತು. ಈಗಲೇ ಹರಪನಹಳ್ಳಿಗೆ ಹೋಗಿ ಬೀದಿಯಲ್ಲಿ ನಿಂತು ಕೇಳುತ್ತೇನೆ ಎಂದು ಎದ್ದೆ. ತಂಗಿ ನನ್ನ ಕೈ ಹಿಡಿದು ಮಗಳ ತಲೆಯ ಮೇಲೆ ಇಡಿಸಿದಳು. ಅಕ್ಕಿಕಾಳು ಬೀಳುವ ತನಕ ಬಾಯಿ ಬಿಡಬಾರದು ಎಂದು ಆಣೆ ಮಾಡಿಸಿದಳು. ಅಕ್ಕಿಕಾಳು ಬೀಳುವ ತನಕ ಎಂದಳೇ ಹೊರತು ಆಮೇಲಿನದು ಹೇಳಲಿಲ್ಲ. ಆಮೇಲಿನದನ್ನು ನಾನೂ ಕೇಳಲಿಲ್ಲ.

ಆ ಮನೆಗೆ ಹೋಗಲು ನನಗೆ ಕಾರಣ ಹುಡುಕಬೇಕಾಗಿರಲಿಲ್ಲ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎನ್ನುತ್ತಾರಲ್ಲ, ಹಾಗೆ ಆ ಮನೆಯವರು ಬಳೆ ಶಾಸ್ತ್ರಕ್ಕೆ ನನಗೇ ಹೇಳಿದ್ದರು. ಜಡೆಯವಳ ಅಕ್ಕ ನಾನು ಎಂಬುದು ಅವರಿಗೆ ಗೊತ್ತಿರಲಿಲ್ಲ. ಮದುವೆಯ ಹಿಂದಿನ ದಿನ ಬಳೆ ಪೆಟ್ಟಿಗೆ ಹೊತ್ತುಕೊಂಡು ಹೋದೆ. ಮದುಮಗಳಿಗೆ ತೊಡಿಸಿದೆ, ಅತ್ತಿಗೆ ನಾದಿನಿಯರಿಗೆ ತೊಡಿಸಿದೆ. ಕೊನೆಗೆ ಯಜಮಾನಿ ಬಂದು ಕೂತು ಕೈ ಕೊಟ್ಟರು. ಮೆತ್ತಗಿನ, ದುಂಡನೆಯ ಕೈ. ಬೆರಳು ಕೂಡಿಸಿ ಬಳೆಯನ್ನು ಗೆಣ್ಣಿನವರೆಗೆ ತಂದು, ತಗ್ಗಿದ ದನಿಯಲ್ಲಿ ಕೇಳಿದೆ.

"ಅಮ್ಮಾರ, ಈಗ ಫೋನಿನಾಗ ಮದುವಿ ಪತ್ರಿಕಿ ಅಂತ ಏನೋ ಬರ್ತೈತಂತ. ನಿಮಗೇನಾರ ಬಂದಿತ್ತೇನ್ರಿ?"

ಕೈ ಕಲ್ಲಾಯಿತು. ಇಷ್ಟು ವರ್ಷ ಕೈ ಹಿಡಿದಿದ್ದೇನೆ. ಬಾಯಿ ಸುಳ್ಳು ಹೇಳುವ ಮೊದಲೇ ಕೈ ನಿಜ ಹೇಳಿಬಿಡುತ್ತದೆ. ಬಿಗಿದ ಕೈಯ ಮೇಲೆ ಬಳೆ ನಿಂತಿತ್ತು. ಸ್ವಲ್ಪ ಒತ್ತಿದ್ದರೆ ಒಡೆಯುತ್ತಿತ್ತು, ಶಾಸ್ತ್ರದ ದಿನ ಬಳೆ ಒಡೆಯಿತು ಎಂದು ಮನೆಯೆಲ್ಲ ಬಾಯಿ ಬಡಿದುಕೊಳ್ಳುತ್ತಿತ್ತು. ಒತ್ತಬೇಕೆಂದು ಬಹಳ ಅನಿಸಿತು. ಆದರೆ ಬಳೆ ಏನು ತಪ್ಪು ಮಾಡಿತ್ತು?

"ಕೈ ಸಡಿಲ ಬಿಡ್ರಿ" ಎಂದೆ.

ಅವರು ಅತ್ತಿತ್ತ ನೋಡಿ ಪಿಸುಗುಟ್ಟಿದರು. "ಬಂದಿತ್ತಮ್ಮ. ಒತ್ತಿಬಿಟ್ಟೆ. ನನ್ನ ಫೋನಿಂದ ಎಷ್ಟು ಜನಕ್ಕೆ ಹೋಯ್ತೋ ಏನೋ. ನಮ್ಮನೆಯೋರು ಸುಮ್ನಿರು ಅಂದ್ರು. ಬೀಗರಿಗೆ ಗೊತ್ತಾದ್ರೆ ಮರ್ಯಾದೆ ಏನಾಗುತ್ತೆ ಹೇಳು? ನೀನೂ ಯಾರ ಮುಂದೂ ಅನ್ನಬೇಡ."

ಆ ಕೈ ತುಂಬ ಬಳೆ ತೊಡಿಸಿದೆ. ಒಂದೂ ಒಡೆಯಲಿಲ್ಲ.

ಫೈಲು ಒತ್ತಿದ್ದಕ್ಕೆ ನನಗೆ ಅವರ ಮೇಲೆ ಸಿಟ್ಟಿಲ್ಲ. ತಂಗಿಯೂ ಒತ್ತಿದ್ದಳು. ತನ್ನ ಫೋನಿನಿಂದ ಹೋದದ್ದು ಗೊತ್ತಾದ ಮೇಲೆ 'ಯಾರೂ ಒತ್ತಬೇಡಿ' ಎಂದು ಒಂದು ಸಾಲು ಹೇಳಿಕಳಿಸಿದ್ದರೆ ಸಾಕಿತ್ತು. ತಂಗಿಯೂ ಉಳಿಯುತ್ತಿದ್ದಳು, ಕಾನಹೊಸಹಳ್ಳಿಯ ಮುದುಕಿಯೂ ಉಳಿಯುತ್ತಿದ್ದಳು. ಹೇಳಲಿಲ್ಲ. ಹೇಳದೆ ಇದ್ದದ್ದಲ್ಲದೆ, ತನ್ನ ಮನೆಯ ಕಳ್ಳನನ್ನು ನನ್ನ ತಂಗಿಯ ತಲೆಗೆ ಕಟ್ಟಿದರು. ಎಲ್ಲೋ ಕೂತ ಕಳ್ಳನಿಗೆ ನಮ್ಮ ನಾಚಿಕೆಯೇ ಬಂಡವಾಳ. ಒಬ್ಬೊಬ್ಬರೂ ಬಾಯಿ ಮುಚ್ಚಿಕೊಂಡಷ್ಟು ಅವನ ಸಂತೆ ಮುಂದಿನ ಊರಿಗೆ ಸಾಗುತ್ತದೆ.

ಮರುದಿನ ಕಲ್ಯಾಣಮಂಟಪದಲ್ಲಿ ಮುಂದಿನ ಸಾಲಿನಲ್ಲೇ ಕೂತೆ. ದಾವಣಗೆರೆಯಿಂದ ತರಿಸಿದ ಜಡೆಯ ಮೊಗ್ಗು ತಾಳಿ ಕಟ್ಟುವ ಮೊದಲೇ ಅರಳಿ, ಅರ್ಧ ಜಡೆ ಸಡಿಲಾಗಿ ನೇತಾಡುತ್ತಿತ್ತು. ನೋಡಿ ನನಗೆ ಸಂತೋಷವಾಯಿತು. ಆ ಹುಡುಗಿಯ ತಪ್ಪೇನು ಎಂದು ಕೇಳಿದರೆ, ಏನೂ ಇಲ್ಲ. ಆದರೂ ಸಂತೋಷವಾಯಿತು.

ಅಕ್ಕಿಕಾಳು ಬಿತ್ತು. ನಾನು ಸೆರಗು ಕೊಡವಿಕೊಂಡು ಎದ್ದೆ. ಮುಯ್ಯಿ ಮಾಡಿದವರ ಹೆಸರನ್ನು ಮೈಕಿನಲ್ಲಿ ಕೂಗುವುದು ನಮ್ಮ ಕಡೆಯ ರೂಢಿ. ಮುಯ್ಯಿಯ ಮೇಜಿಗೆ ಹೋಗಿ ನನ್ನ ಕವರು ಕೊಟ್ಟೆ. ಮದುಮಕ್ಕಳಿಗೆ ಎರಡು ಮಾತು ನಾನೇ ಹೇಳುತ್ತೇನೆ ಎಂದೆ. ಬಳೆಯಮ್ಮ ಹರಸುತ್ತಾಳೆ ಎಂದುಕೊಂಡು ಮೈಕು ಕೊಟ್ಟರು.

"ಮಕ್ಕಳು ಚೊಲೋ ಇರ್ಲಿ" ಎಂದೆ. "ಈಗ ಊಟಕ್ಕ ಏಳೂ ಮೊದ್ಲ ನನ್ನ ಮಾತು ಕೇಳ್ರಿ. ಫೋನಿಗೆ ಮದುವಿ ಪತ್ರಿಕಿ ಬಂದ್ರ ಅದು ಚಿತ್ರ ಇರ್ಬೇಕು, ಇಲ್ಲಾಂದ್ರ ಓದೂ ಹಾಳಿ ಇರ್ಬೇಕು. ಪತ್ರಿಕಿ ಯಾವತ್ತೂ ನಿಮ್ಮ ಫೋನಿನೊಳಗ ಬಂದು ಕುಂದ್ರಲೇನು, ನಿಮ್ಮ ಮೆಸೇಜ್ ಓದ್ಲೇನು ಅಂತ ಕೇಳಂಗಿಲ್ಲ. ಕೇಳಿದ್ರ ಅದು ಕಳ್ಳ. ಫೈಲಿನ ಹೆಸರಿನ ಕೊನಿಗೆ ಎಪಿಕೆ ಅಂತ ಇದ್ರ ಮುಟ್ಟಬ್ಯಾಡ್ರಿ. ಗುರುತಿನ ನಂಬರ್ ಅಂತ ನಂಬಬ್ಯಾಡ್ರಿ, ಫೋನ್ ಮಾಡಿ ದನಿ ಕೇಳ್ರಿ. ಒತ್ತಿಬಿಟ್ಟಿದ್ರ ನೆಟ್ ಬಂದ್ ಮಾಡ್ರಿ, ಬ್ಯಾಂಕಿಗೆ ಹೇಳ್ರಿ, ಪೊಲೀಸರಿಗೆ ಹೇಳ್ರಿ. ಎಲ್ಲಕ್ಕಿಂತ ಮೊದ್ಲ ಮಂದಿಗೆ ಹೇಳ್ರಿ."

ಯಾರೋ ಚಪ್ಪಾಳೆ ತಟ್ಟಿದರು. ಯಜಮಾನಿ ಕುಂಕುಮದ ತಟ್ಟೆ ಹಿಡಿದು ವೇದಿಕೆಯ ಪಕ್ಕದಲ್ಲಿ ನಿಂತಿದ್ದರು. ನಾನು ಅವರನ್ನೇ ನೋಡುತ್ತ ಹೇಳಿದೆ.

"ಹಡಗಲಿ ಜಡಿ ಕಟ್ಟಾಕಿ ನನ್ನ ತಂಗಿ. ಆಕಿ ಯಾರ ನಂಬರೂ ಮಾರಿಲ್ಲ. ಆಕಿ ಮನಿಗೆ ಈ ಕಳ್ಳ ಬಂದದ್ದು ಈ ಮದುವಿ ಮನಿಯಿಂದ. ಫೋಟೋ ನನ್ನ ಕಡೆ ಐತಿ. ಇದು ಗೊತ್ತಿದ್ದೂ ಆಕಿ ಬಾಯಿ ಮುಚ್ಚಿಕೊಂಡಿದ್ದು ನಿಮ್ಮ ಮಗಳ ಮದುವಿ ಸುಸೂತ್ರ ಆಗ್ಲಿ ಅಂತ."

ಮಂಟಪದ ಮಂದಿಯೆಲ್ಲ ಯಜಮಾನಿಯ ಕಡೆ ತಿರುಗಿದರು. ಅದೊಂದು ಗಳಿಗೆ ನನ್ನ ಬಾಯಿಗೆ ಹೋಳಿಗೆ ಇಟ್ಟ ಹಾಗಿತ್ತು. ಅಷ್ಟರಲ್ಲಿ ಗಂಡಿನ ತಾಯಿ, ಅರಸೀಕೆರೆಯ ಕಡೆಯವರು, ಗಟ್ಟಿಯಾಗಿ ನಕ್ಕರು.

"ಅಯ್ಯೋ ಬೀಗರೇ, ನಿಮ್ಮ ಫೋನಿಂದ ನಮಗೂ ಬಂದಿತ್ತು! ನಮ್ಮನೇಲಿ ಅಪ್ಪ ಮಗ ಇಬ್ರೂ ಒತ್ತಿದ್ರು. ನಿಮ್ಮ ಮುಂದೆ ಹೇಳೋಕೆ ನಮಗೇ ನಾಚಿಕೆಯಾಗಿತ್ತು."

ಬೀಗರಿಗೆ ಗೊತ್ತಾಗಬಾರದೆಂದು ಇವರು ಮುಚ್ಚಿಟ್ಟರೆ, ಇವರಿಗೆ ಗೊತ್ತಾಗಬಾರದೆಂದು ಬೀಗರು ಮುಚ್ಚಿಟ್ಟಿದ್ದರು. ಇಬ್ಬರ ಮರ್ಯಾದೆಯ ನಡುವೆ ಸಿಕ್ಕು ಒಣಗಿದ್ದು ನನ್ನ ತಂಗಿಯ ಮಲ್ಲಿಗೆ. ಆಮೇಲೆ ಸಾಲುಸಾಲಾಗಿ ಎಲ್ಲರೂ ನಮಗೂ ಬಂದಿತ್ತು, ನಮಗೂ ಬಂದಿತ್ತು ಎಂದು ಫೋನು ತೆಗೆದು ತೋರಿಸಿಕೊಂಡರು. ಹೆಂಗಸರು ಯಜಮಾನಿಯ ಸುತ್ತ ನಿಂತು "ನೀವೇನ್ ಮಾಡ್ತೀರಿ ಬಿಡ್ರಿ" ಎಂದು ಸಮಾಧಾನ ಹೇಳಿದರು. ಸಮಾಧಾನ ಹೇಳುವುದಕ್ಕೇ ನಾನು ಮೈಕು ಹಿಡಿದದ್ದೇ? ನನ್ನ ಸೇಡಿಗೆ ಅಲ್ಲೇ ತಣ್ಣೀರು ಬಿತ್ತು. ಊಟ ಮಾಡದೆ ಬಸ್ಸು ಹತ್ತಿದೆ.

ತಂಗಿಗೆ ಜಡೆಯ ಕೆಲಸ ಮತ್ತೆ ಬಂತು. ಮೊದಲು ಕೂಡ್ಲಿಗಿಯಿಂದ, ಆಮೇಲೆ ಉಳಿದ ಕಡೆಯಿಂದ. ಹರಪನಹಳ್ಳಿಯ ಯಜಮಾನಿ ತಪ್ಪಾಯಿತು ಎಂದು ಇವತ್ತಿನವರೆಗೂ ಹೇಳಿಲ್ಲ. ಕಳ್ಳನೂ ಸಿಕ್ಕಿಲ್ಲ. ಅವನ ಬಾಯಿಗೆ ಮಣ್ಣು ಬೀಳಲಿ ಎಂದು ದಿನಾ ಅಂಗಡಿ ಬಾಗಿಲು ತೆಗೆಯುವಾಗ ಶಪಿಸುತ್ತೇನೆ. ಶಾಪ ಮುಟ್ಟುತ್ತದೋ ಇಲ್ಲವೋ ಎಂದು ಇನ್ನೊಂದು ಕೆಲಸವನ್ನೂ ಮಾಡುತ್ತೇನೆ. ಬಳೆಗೆ ಕೈ ಕೊಟ್ಟ ಪ್ರತಿ ಹೆಂಗಸಿಗೂ, ಕೈ ಬಿಡಿಸಿಕೊಂಡು ಓಡಲಾಗದ ಆ ಹೊತ್ತಿನಲ್ಲಿ, ಫೋನಿನ ಕಳ್ಳನ ಕಥೆ ಹೇಳಿಯೇ ಬಿಡುತ್ತೇನೆ. ಒಂದು ಕೈ ಒತ್ತದೆ ಉಳಿದರೆ ಅವನ ತಟ್ಟೆಯಿಂದ ಒಂದು ತುತ್ತು ಕಿತ್ತುಕೊಂಡ ಹಾಗೆ.

ತಂಗಿಯ ಮಗಳಿಗೆ ಮೂರನೆಯ ಸಂಬಂಧ ಕೂಡಿಬಂದದ್ದು ಮುಂದಿನ ಬೇಸಿಗೆಗೆ. ಈ ಸಲ ಫೋನಿನಲ್ಲಿ ಕಳಿಸಿದರೆ ಯಾರು ತಾನೇ ಬಿಚ್ಚಿಯಾರು? ಪತ್ರಿಕೆ ಅಚ್ಚು ಹಾಕಿಸಿ, ನಾಲ್ಕು ಮೂಲೆಗೂ ಅರಿಶಿಣ ಹಚ್ಚಿ, ಐದು ಊರಿಗೂ ಬಸ್ಸಿನಲ್ಲೇ ಹೋಗಿ ಕೊಡುವುದು ಎಂದು ತೀರ್ಮಾನವಾಯಿತು. ದೇವರ ಮುಂದಿಟ್ಟ ಮೇಲೆ ಮೊದಲನೆಯ ಪತ್ರಿಕೆ ಯಾರ ಮನೆಗೆ ಎಂದು ತಂಗಿ ಕೇಳಿದಳು.

"ಹರಪನಹಳ್ಳಿಗೆ" ಎಂದೆ.

ಯಜಮಾನಿ ಬಾಗಿಲಲ್ಲಿ ನಮ್ಮಿಬ್ಬರನ್ನು ನೋಡಿ ಬಿಳಿಚಿಕೊಂಡರು. ಒಳಗೆ ಕರೆದು ಕೂರಿಸಿದರು. ತಂಗಿ ನಗುತ್ತ ಪತ್ರಿಕೆ ಮುಂದೆ ಹಿಡಿದಳು. ಒಲ್ಲೆ ಎನ್ನುವಂತಿಲ್ಲವಲ್ಲ, ಎರಡೂ ಕೈಯಲ್ಲಿ ತೆಗೆದುಕೊಂಡರು. ನಾನು ತೊಡಿಸಿದ ಬಳೆಗಳು ಇನ್ನೂ ಆ ಕೈಯಲ್ಲಿದ್ದವು. ಕವರಿನ ಮೇಲೆ ಹೆಬ್ಬೆರಳು ಬಂದು ನಿಂತಿತು. ಬಿಚ್ಚಲಿಲ್ಲ.

"ಬಿಚ್ರಿ ಅಮ್ಮಾರ" ಎಂದೆ. "ಇದು ನಿಮ್ಮ ಮನಿಯಿಂದ ತಾನಾಗೇ ಯಾರ ಮನಿಗೂ ಹೋಗಂಗಿಲ್ಲ."

ಅವರು ಬಿಚ್ಚಿದರು. ಕಣ್ಣಿಗೊತ್ತಿಕೊಂಡರು. ಕುಂಕುಮದ ಬಟ್ಟಲು ತಂದು ತಂಗಿಗೆ ಹಚ್ಚಿ ನನ್ನ ಕಡೆ ತಿರುಗಿದರು. ಹಣೆ ಮುಂದೆ ಮಾಡಿದೆ, ಮಾತಾಡಿಸಲಿಲ್ಲ.